ರೈಲು ಯಾವಾಗ ಬಿಡ್ತೀರಿ?

ಜನ ಕೆಲಸ ಮುಗಿಸಿ ನೇರವಾಗಿ ಸಭೆಗೆ ಬಂದಿದ್ದರು. ಶಾಲೆಯ ಸಭಾಂಗಣದಲ್ಲಿ ಮಕ್ಕಳ ಬೆಂಚುಗಳೇ ಗತಿ. ಕಾಲು ಮಡಚಿಕೊಂಡು ಕುಳಿತು, ಊಟದ ಡಬ್ಬಿಯ ಚೀಲ ತೊಡೆಯ ಮೇಲಿಟ್ಟು ವೇದಿಕೆಯತ್ತ ನೋಡುತ್ತಿದ್ದರು. ಸಿಗ್ನಲ್ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸಿ ವರ್ಷ ದಾಟಿತ್ತು. ಬೇಸಿಗೆ ಕಳೆಯುವುದರೊಳಗೆ ಓಡಿಸುತ್ತೇವೆ ಎಂದಿದ್ದರು. ಅಂಥ ಎರಡನೆಯ ಬೇಸಿಗೆಯೂ ಕಳೆದಿತ್ತು.

ರೈಲ್ವೆಯ ಮಾಹಿತಿ ಅಧಿಕಾರಿಗೆ ಇಂಥ ಸಭೆಗಳು ಹೊಸದಲ್ಲ. 'ಕಾಮಗಾರಿ ಭರದಿಂದ ಸಾಗಿದೆ' ಎಂಬ ಮಾತು ಅವನ ಬಾಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. ಇವತ್ತು ಅದನ್ನು ಅರ್ಧಕ್ಕೇ ನಿಲ್ಲಿಸಿ ಮೈಕು ಕೆಳಗಿಟ್ಟ. ಹಿಂದಿನ ಸಾಲಿನಲ್ಲಿ ಅವನ ಅಕ್ಕ ಕೂತಿದ್ದಳು.

ಮೊದಲು ಎದ್ದದ್ದು ಒಬ್ಬ ದರ್ಜಿ. "ರೈಲಿನ ಬದಲು ಬಿಟ್ಟಿರೋ ಬಸ್ಸಲ್ಲಿ ನಿಂತೂ ನಿಂತೂ ಕಾಲು ಕೊರಡಾಗಿದೆ ಸ್ವಾಮಿ. ಬಸ್ಸಲ್ಲೇ ಸಂಸಾರ ಮಾಡಿ ಅಂತಾಳೆ ಹೆಂಡ್ತಿ."

ನಗು ಅಡಗಿದ ಮೇಲೆ ಅಧಿಕಾರಿಯ ಪಕ್ಕದಲ್ಲಿದ್ದ ಹಿರಿಯ ಇಂಜಿನಿಯರ್ ಮೈಕು ಹಿಡಿದರು. "ಹಳೇ ಸಿಗ್ನಲ್ ನಂಬಿ ರೈಲು ಬಿಟ್ಟು, ನಾಳೆ ಏನಾದ್ರೂ ಆದ್ರೆ ನಿಮ್ಮ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಆಗ ಅಕ್ಕ ಎದ್ದು ನಿಂತಳು.

"ದುರಸ್ತಿ ಬೇಡ ಅಂತ ಯಾರೂ ಅಂತಿಲ್ಲ. ನಾನು ಆಸ್ಪತ್ರೆ ಅಡುಗೆಮನೇಲಿ ಕೆಲಸ ಮಾಡ್ತೀನಿ. ಬಸ್ಸು ತಡ ಆಗಿ ಆಗಿ ನನ್ನನ್ನ ಸಂಜೆ ಪಾಳಿಗೆ ಹಾಕಿದ್ರು. ಮಗಳು ಶಾಲೆಯಿಂದ ಬಂದು ಬೀಗ ತೆಗೆದು ಒಬ್ಬಳೇ ಕೂತಿರ್ತಾಳೆ. ಇವತ್ತು ರಜೆ ಹಾಕಿ ಬಂದಿದೀನಿ, ಒಂದೇ ಮಾತು ಕೇಳ್ತೀನಿ. ರೈಲು ನಿಲ್ಲಿಸೋ ದಿನ ಹೊಸ ಸಿಗ್ನಲ್ ಸಾಮಾನು ನಿಮ್ಮ ಕೈಲಿತ್ತಾ?"

ಪಾಳಿ ಬದಲಾದದ್ದು ತಮ್ಮನಿಗೆ ಗೊತ್ತೇ ಇರಲಿಲ್ಲ. ಪಕ್ಕದಿಂದ ಇಂಜಿನಿಯರ್ ಪಿಸುಗುಟ್ಟಿದರು: "ಪರಿಶೀಲಿಸಿ ತಿಳಿಸ್ತೀವಿ ಅನ್ನಿ."

"ಇರಲಿಲ್ಲ," ಎಂದ ಅವನು ಮೈಕಿನಲ್ಲಿ. "ಮಂತ್ರಿಗಳ ಕೈಲಿ ಕಾಮಗಾರಿ ಉದ್ಘಾಟನೆಗೆ ದಿನ ಗೊತ್ತಾಗಿತ್ತು, ಅದಕ್ಕೆ ನಿಲ್ಲಿಸಿಬಿಟ್ವಿ. ಸಾಮಾನು ಇನ್ನೂ ಪೂರ್ತಿ ಬಂದಿಲ್ಲ. ಯಾವಾಗ ಬಿಡ್ತೀವಿ ಅನ್ನೋದು ನಮಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ನಿಮಗೆ ತಾರೀಕು ಹೇಳ್ತಾ ಬಂದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. "ಇದನ್ನ ಮೊದಲೇ ಹೇಳಿದ್ರೆ ಅಂಗಡಿ ಹತ್ರಾನೇ ಒಂದು ರೂಮು ನೋಡ್ಕೋತಿದ್ದೆ," ಎಂದ ದರ್ಜಿ, ಬೇಸರದಿಂದ. ಜನ ಒಬ್ಬೊಬ್ಬರಾಗಿ ಎದ್ದರು.

ಪಡಸಾಲೆಯಲ್ಲಿ ಇಂಜಿನಿಯರ್ ಅವನನ್ನು ತಡೆದು ನಿಲ್ಲಿಸಿದರು. "ಇನ್ನು ನಿಮ್ಮನ್ನ ಉಳಿಸೋಕೆ ನನ್ನ ಕೈಲಾಗಲ್ಲ."

"ಗೊತ್ತು ಸಾರ್."

ಅವರು ಹೊರಡಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ಸಾಮಾನು ಬರೋವರೆಗೂ ನಿಲ್ಲಿಸೋದು ಬೇಡ ಅಂತ ನಾನೂ ಅಂದಿದ್ದೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

"ಅದನ್ನ ನನಗೆ ಹೇಳಿ ಏನು ಬಂತು ಸಾರ್? ಕೇಳಬೇಕಾದ ಜನ ಇನ್ನೂ ಒಳಗಿದ್ದಾರೆ."

ಅವನು ಅವರಿಗಾಗಿ ಕಾಯದೆ ಒಳಗೆ ಹೋಗಿ, ಅಕ್ಕನ ಬೆಂಚಿನ ತುದಿಯಲ್ಲಿ ಕುಳಿತ.

"ಪಾಳಿ ವಿಷಯ ನನಗ್ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದರೆ ಹೇಳ್ತಿದ್ದೆ ಕಣೋ."

ಅಷ್ಟರಲ್ಲಿ ಇಂಜಿನಿಯರ್ ಬಾಗಿಲಲ್ಲಿ ಕಾಣಿಸಿಕೊಂಡರು. ವೇದಿಕೆ ಹತ್ತದೆ, ಹೊರಟಿದ್ದ ಜನರ ನಡುವೆ ಬಂದು ನಿಂತರು.

"ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೊಳ್ತೀರಾ?" ಎಂದರು. "ನಾನೂ ಹೇಳೋದಿದೆ."

ದರ್ಜಿ ಹೆಗಲಿಗೇರಿಸಿದ್ದ ಚೀಲವನ್ನು ಕೆಳಗಿಟ್ಟ.