ಅಡುಗೆಮನೆ ಕಡೆಯ ಗೋಡೆ

ಟೀವಿಯನ್ನು ಗಲ್ಲಿಯಲ್ಲಿ ಕೂಲಿ, ರಿಪೇರಿ ಎಲ್ಲ ಮಾಡುವ ಬುಝಾರತ್ ಬೆನ್ನ ಮೇಲೆ ಹೊತ್ತು ತಂದ. ಕಾಶಿಯ ದಶಾಶ್ವಮೇಧ ಘಾಟಿನ ಹಿಂದಿನ ನಮ್ಮ ಗಲ್ಲಿಗೆ ಗಾಡಿ ಬರುವುದಿಲ್ಲ. ಹಸು ಎದುರು ಬಂದರೆ ಮನುಷ್ಯನೇ ಗೋಡೆಗೆ ಅಂಟಿಕೊಳ್ಳಬೇಕು. ಮಂಚದಷ್ಟು ಅಗಲದ ಪೆಟ್ಟಿಗೆಯ ಹಗ್ಗವನ್ನು ಹಣೆಗೆ ಬಿಗಿದುಕೊಂಡು ಅವನು ಏಡಿಯ ಹಾಗೆ ಅಡ್ಡಡ್ಡ ನಡೆದು ಬಂದ. ಮೆಟ್ಟಿಲು ಹತ್ತಿ ಇಳಿಸಿದಾಗ ಹಣೆಯ ಮೇಲೆ ಹಗ್ಗದ ಗುರುತು ಕೆಂಪಗೆ ಎದ್ದಿತ್ತು. ನೀರು ಕೇಳಿದ. ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಟ್ಟೆ. ಯಾತ್ರಿಕರು ಬಿಟ್ಟುಹೋದ ಬಾಟಲಿಗಳನ್ನು ನಾವು ಅಂಥವರಿಗೆಂದೇ ಎತ್ತಿಡುತ್ತೇವೆ.

ಅಪ್ಪ ವಿದ್ಯಾಧೀಶಾಚಾರ್ಯರು ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಮಾಡಿಸುತ್ತಾರೆ. ಬಂದವರು ಉಳಿಯುವುದು, ಉಣ್ಣುವುದು ನಮ್ಮಲ್ಲೇ. ಮಂಡಿನೋವಿನ ಮುದುಕರು ಕೂತಲ್ಲೇ ಆರತಿ ನೋಡಲಿ ಎಂದು ರಾಣೆಬೆನ್ನೂರಿನ ಭಕ್ತರೊಬ್ಬರು ಟೀವಿ ಕೊಡಿಸಿದ್ದರು. ಮರುದಿನ ಅವರ ಬಸ್ಸೇ ಬರುವುದಿತ್ತು.

"ಇಲ್ಲಿ ಹಾಕು," ಅಪ್ಪ ಹಿಂದಿಯಲ್ಲಿ ಹೇಳಿ ಅಡುಗೆಮನೆ ಕಡೆಯ ಗೋಡೆ ತೋರಿಸಿದರು.

ಬುಝಾರತ್ ಬೆರಳ ಗೆಣ್ಣಿನಿಂದ ಬಡಿದು ನೋಡಿ ನಕ್ಕ. "ಪಂಡಿತ್‌ಜೀ, ಇದು ಗೋಡೆಯಲ್ಲ, ಹಪ್ಪಳ."

ಅದು ನಮಗೆಲ್ಲ ಗೊತ್ತಿದ್ದದ್ದೇ. ದೊಡ್ಡ ಹಜಾರವನ್ನು ಹೋದ ವರ್ಷ ಅಪ್ಪ ಎರಡು ಮಾಡಿಸಿದ್ದರು. ಆ ಕಡೆ ಮಡಿ ಅಡುಗೆಮನೆ, ಈ ಕಡೆ ಯಾತ್ರಿಕರು. ಜಾಗ ಉಳಿಯಲಿ ಎಂದು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟಿಸಿದ ಗೋಡೆ. ಅಜ್ಜಿ ಒಳಗೆ ಕೊತ್ತಂಬರಿ ಕುಟ್ಟಿದರೆ ಹೊರಗೆ ಕ್ಯಾಲೆಂಡರ್ ಕುಣಿಯುತ್ತದೆ.

"ಆ ಹಳೇ ಗೋಡೆಗೆ ಹಾಕೋಣ. ಆನೆ ಒರಗಿದರೂ ನಿಲ್ಲುತ್ತದೆ," ಎಂದ ಬುಝಾರತ್.

"ಗುರುಗಳ ಪಟ ಇಳಿಸಿ ಟೀವಿ ತೂಗುಹಾಕಲಾ? ಬುದ್ಧಿ ಇದೆಯಾ ನಿನಗೆ?"

"ಹಾಗಾದರೆ ಬೋಲ್ಟು ಗೋಡೆಯ ಆಚೆ ಬದಿಗೆ ದಾಟಬೇಕು. ಆ ಕಡೆಯಿಂದ ಅಗಲವಾದ ಹಲಗೆ ಕೊಟ್ಟು ನಟ್ಟು ಬಿಗಿದರೆ ಭಾರ ಹಂಚಿಹೋಗುತ್ತದೆ. ಒಳಗೆ ಹೋಗಿ ಒಂದು ಗಳಿಗೆಯಲ್ಲಿ ಬಂದುಬಿಡುತ್ತೇನೆ."

ಅಪ್ಪ ಅಡುಗೆಮನೆ ಬಾಗಿಲಿಗೆ ಅಡ್ಡ ಬಂದು ನಿಂತರು. ಅವನು ತಲೆ ಕೆರೆದುಕೊಂಡ. ಅವನ ಜಾತಿಯನ್ನು ನಾವು ಎಂದೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲಿ ನಿಲ್ಲಬೇಕೆಂದು ಅವನಿಗೆ ಗೊತ್ತಿತ್ತು.

"ಒಳಗಿನ ಕೆಲಸ ನನ್ನ ಮಗಳು ಮಾಡುತ್ತಾಳೆ," ಎಂದರು ಅಪ್ಪ. "ಡಿಗ್ರಿ ಓದಿದವಳು. ನೀನು ಇಲ್ಲಿಂದಲೇ ಹೇಳು."

ಬುಝಾರತ್ ಘಾಟಿಗೆ ಹೋಗಿ ಒಡೆದ ದೋಣಿಯ ಹಲಗೆಯೊಂದನ್ನು ತಂದ. ಸಾಗುವಾನಿ, ನೀರು ಕುಡಿದು ಕಲ್ಲಾಗಿತ್ತು. ಹೊಸ್ತಿಲ ಹೊರಗೆ ನೆಲಕ್ಕಿಟ್ಟು ಹಿಂದೆ ಸರಿದ. ನಾನು ಸ್ನಾನ ಮಾಡಿ ಮಡಿ ಸೀರೆ ಉಟ್ಟು ಬಂದು ಎತ್ತಿಕೊಂಡೆ.

ಅಜ್ಜಿ ಕೃಷ್ಣಮ್ಮ ಒಲೆಯ ಮುಂದಿನಿಂದ ಕೂಗಿದರು. "ಏ ಅಮೂಲ್ಯಾ! ಏನದು? ಅಲ್ಲೇ ನಿಲ್ಲು!"

"ಹಲಗಿ ಅಜ್ಜಿ. ಗ್ವಾಡಿಗೆ."

"ಕಾಶ್ಯಾಗಿನ ಹಲಗಿ! ಯಾರ ಹೆಣಾ ಮಲಗಿಸಿದ್ರೋ ಏನೋ. ಒಯ್ದು ಹಿಂದಿನ ಬಾಲ್ಕನ್ಯಾಗ ಒಗಿ."

"ದೋಣೀದ ಅಜ್ಜಿ. ತೊಳೀತೀನಿ."

"ಕಬ್ಬಿಣಾ ತೊಳದ್ರ ಹೋತದ. ಕಟ್ಟಿಗಿ ನೀರೂ ಕುಡೀತದ, ಮೈಲಿಗೀನೂ ಕುಡೀತದ. ನಟ್ಟು ಬೋಲ್ಟು ಬೇಕಾದಷ್ಟ ಹಾಕ್ಕೋ. ಕಟ್ಟಿಗಿ ಬ್ಯಾಡ."

ನಾನು ಹಲಗೆಯನ್ನು ಬಾಲ್ಕನಿಗೆ ಒಯ್ದು ನಿಲ್ಲಿಸಿದೆ. ಗೋಡೆಯಿಂದ ಡ್ರಿಲ್ಲಿನ ಮೂತಿ ಕೆಂಪು ಪುಡಿ ಉದುರಿಸುತ್ತ ಹೊರಬಂತು. ಒಂದೊಂದಾಗಿ ಬೋಲ್ಟುಗಳು ಬಂದವು. ಹಲಗೆಯಿಲ್ಲದೆ, ರೂಪಾಯಿ ಅಗಲದ ವಾಷರ್ ಬಿಲ್ಲೆಗಳನ್ನಷ್ಟೇ ಹಾಕಿ ನಟ್ಟು ತಿರುಗಿಸಿದೆ. ಗೋಡೆಯಾಚೆಯಿಂದ ಅವನ ಧ್ವನಿ ಬಂತು.

"ಬಿಟಿಯಾ, ಅಮ್ಮಾಜಿ ಏನೋ ಬೈತಿದ್ದಾರಲ್ಲ? ಏನು?"

ಅಜ್ಜಿಯ ಕನ್ನಡ ಅವನಿಗೆ ತಿಳಿಯುವುದಿಲ್ಲ. "ಏನಿಲ್ಲ," ಎಂದೆ.

"ಹಲಗೆ ಸರಿಯಾಗಿ ಕೂತಿತಾ? ಕೂತಿಲ್ಲದಿದ್ದರೆ ಈಗಲೇ ಹೇಳಿಬಿಡು. ಬಿಚ್ಚಿಬಿಡುತ್ತೇನೆ. ಬೇಜಾರಿಲ್ಲ."

ಅಜ್ಜಿ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದರು. ಅವರು ಬಾಯಿ ಬಿಡಲಿಲ್ಲ. ಬಿಡಬೇಕಾಗಿದ್ದವಳು ನಾನು. ಇಲ್ಲ ಎಂದರೆ ಜಗಳ. ಅಪ್ಪ ಬರುತ್ತಾರೆ, ಅಜ್ಜಿ ಊಟ ಬಿಡುತ್ತಾರೆ, ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಎಲ್ಲರೂ ನನ್ನ ಕಡೆ ತಿರುಗುವುದು ನನಗೆ ಚಿಕ್ಕಂದಿನಿಂದಲೂ ಆಗದು.

"ಹಾಂ, ಕೂತಿದೆ," ಎಂದೆ.

"ಶಾಬಾಶ್! ಮಿಸ್ತ್ರಿಯಾಗಿಬಿಟ್ಟೆ ನೀನು," ಎಂದು ನಕ್ಕ.

ಮರುದಿನ ರಾಣೆಬೆನ್ನೂರಿನ ಬಸ್ಸು ಬಂತು. ಮುದುಕಿಯರು ಟೀವಿಯ ಕೆಳಗೇ ಗೋಡೆಗೆ ಒರಗಿ ಕಾಲು ಚಾಚಿದರು. ಅವರ ಗಂಟುಗಳನ್ನು ಹೊತ್ತು ತಂದವನು ಬುಝಾರತನೇ. ಒಳಗೆ ಅಜ್ಜಿ ಸಾರಿನ ಪುಡಿ ಕುಟ್ಟಲು ಶುರು ಮಾಡಿದರು. ನಾನು ಎಲೆ ಹಾಕುತ್ತಿದ್ದೆ. ಗೋಡೆ ಹೊಟ್ಟೆ ಉಬ್ಬಿಸಿದಂತೆ ಮುಂದಕ್ಕೆ ಬಂತು. ಬುಝಾರತ್ ಗಂಟು ಬಿಸಾಕಿ ಓಡಿ ಬಂದು ಹೆಗಲು ಕೊಟ್ಟ. "ಹಟೋ ಮಾಯೀ, ಹಟೋ!" ಮುದುಕಿಯರು ತೆವಳಿಕೊಂಡು ಈಚೆ ಬಂದರು. ಆಮೇಲೆ ಟೀವಿ, ಇಟ್ಟಿಗೆ, ಗಾರೆ ಎಲ್ಲ ಅವನ ಮೇಲೆ ಬಿತ್ತು.

ಅವನ ಹೆಗಲೆಲುಬು ಮುರಿಯಿತು. ಗಲ್ಲಿಯ ಬಾಯಲ್ಲಿದ್ದ ಸೈಕಲ್ ರಿಕ್ಷಾದವನೊಬ್ಬ ಆಸ್ಪತ್ರೆಗೆ ಕರೆದೊಯ್ದ. ಅಪ್ಪ ಮೊದಲು ಮಾಡಿದ ಕೆಲಸವೆಂದರೆ ಗೋಡೆಯ ತೂತಿಗೆ ಬೆಡ್‌ಶೀಟ್ ಕಟ್ಟಿದ್ದು. ಮಡಿ ಅಡುಗೆಯ ಮೇಲೆ ಕಂಡವರ ಕಣ್ಣು ಬೀಳಬಾರದಲ್ಲ.

ಸಂಜೆಯ ಹೊತ್ತಿಗೆ ಗಲ್ಲಿಯೆಲ್ಲ ಒಂದೇ ಮಾತು. ಚಹಾದಂಗಡಿಯಲ್ಲಿ, ಪಾನ್ ಅಂಗಡಿಯಲ್ಲಿ, ಪಕ್ಕದ ಯಾತ್ರಿನಿವಾಸಗಳಲ್ಲಿ ಅಪ್ಪ ತಾವೇ ಹೇಳಿ ಬಂದಿದ್ದರು: ಅವನು ಕುಡಿದು ಕೆಲಸ ಮಾಡಿದ. ಮುದುಕಿಯರು ಸಾಯುತ್ತಿದ್ದರು. ಅವನನ್ನು ಕರೆಯಬೇಡಿ.

ನಾನು ಊಟ ಬಿಟ್ಟೆ. ಅಜ್ಜಿ ಪಿತ್ತವೆಂದು ಶುಂಠಿ ಕಷಾಯ ಕೊಟ್ಟರು. ಕುಡಿದೆ.

ಕೆಲವು ದಿನ ಕಳೆದು ಅವನ ಹೆಂಡತಿ ಫೂಲಮತಿ ಬಂದಳು. ಹೊಸ್ತಿಲ ಹೊರಗೆ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಪಂಡಿತ್‌ಜೀ, ನನ್ನ ಗಂಡ ಹನುಮಂತನಿಗೆ ಮಾತು ಕೊಟ್ಟು ಕುಡಿತ ಬಿಟ್ಟವನು. ನಿಮ್ಮ ಬಾಯಿಂದಾಗಿ ಈಗ ಯಾರೂ ಕರೆಯುತ್ತಿಲ್ಲ. ಎಲುಬು ಕೂಡಿದರೂ ಕರೆಯಲ್ಲ. ಹೆಸರು ಹೋದ ಮೇಲೆ ಹೆಗಲು ಇಟ್ಟುಕೊಂಡು ಏನು ಮಾಡೋದು?"

"ಬೋಲ್ಟು ಹಾಕಿದವನು ಯಾರು? ನಾನಾ?"

"ಹಲಗೆ ಕೊಟ್ಟಿದ್ದನಂತೆ."

"ಹಲಗೆ ಕೊಟ್ಟಮೇಲೂ ಬಿತ್ತು ಅಂದರೆ ಇನ್ನೆಂಥ ಕೆಲಸಗಾರ? ಹೋಗು, ಹೋಗು. ಯಾತ್ರಿಕರು ಬರುವ ಹೊತ್ತು."

ಅಪ್ಪನಿಗೆ ಗೊತ್ತಿತ್ತು. ಗೋಡೆ ಬಿದ್ದ ದಿನವೇ ಬಾಲ್ಕನಿಯಲ್ಲಿ ಹಲಗೆ ನೋಡಿ ಸುಮ್ಮನೆ ಒಳಗೆ ಬಂದಿದ್ದರು. ನನ್ನ ಮುಖವನ್ನೂ ನೋಡಿರಲಿಲ್ಲ.

ಫೂಲಮತಿ ಮೆಟ್ಟಿಲ ಕಡೆ ತಿರುಗಿದಳು. ಅವಳು ಹೋಗಿಬಿಟ್ಟರೆ ನಾನು ಜೀವಮಾನವಿಡೀ ಈ ಮನೆಯಲ್ಲಿ ಎಲೆ ಹಾಕುತ್ತ ಇದ್ದುಬಿಡುತ್ತೇನೆ ಅನ್ನಿಸಿತು.

"ಹಲಗೆ ನಾನು ಹಾಕಲಿಲ್ಲ," ಎಂದೆ.

"ಏನಂದೆ?" ಫೂಲಮತಿ ನಿಂತಳು.

"ಅಜ್ಜಿ ಬೇಡ ಅಂದರು. ಹಾಕಲಿಲ್ಲ. ಅವನು ಕೇಳಿದ. ಹಾಕಿದ್ದೇನೆ ಅಂತ ಸುಳ್ಳು ಹೇಳಿದೆ."

ಅಪ್ಪ ಕನ್ನಡದಲ್ಲಿ ಗದರಿದರು. "ಬಾಯಿ ಮುಚ್ಚು! ಮನೀ ಮರ್ಯಾದಿ ಅಂಬೋದು ಅದನೋ ಇಲ್ಲೋ?"

ಒಳಗಿಂದ ಅಜ್ಜಿ ಅಂದರು, "ನಾ ಏನ್ ಹಪ್ಪಳಾ ಮಾಡಿದ್ನೇನು ಗ್ವಾಡೀನ್ನ? ಕಟ್ಟಿಸ್ದಾಂವ ನೀನ!"

ನಾನು ಫೂಲಮತಿಗೆ ಕೈಮುಗಿದೆ. "ಕ್ಷಮಿಸಿ ಚಾಚೀ. ತಪ್ಪಾಯಿತು."

ಅವಳು ನನ್ನ ಕೈಗಳನ್ನು ನೋಡಿದಳು. ಮುಖ ಸ್ವಲ್ಪವೂ ಕರಗಲಿಲ್ಲ.

"ಕೇಳಿದಾಗ ಯಾಕೆ ಹೇಳಲಿಲ್ಲ?"

ನಾಚಿಕೆ ಎನ್ನಲೇ? ಅವನ ಹೆಗಲ ಮುಂದೆ ಅದನ್ನು ಹೇಗೆ ಇಡಲಿ?

"ಕೈಮುಗಿದು ನಿನ್ನ ಹೊಟ್ಟೆ ತಣ್ಣಗೆ ಮಾಡಿಕೊಂಡೆ. ನನ್ನ ಗಂಡನ ಹೆಸರು ಈ ಮನೆಯೊಳಗೆ ಹೋಗಿದ್ದಲ್ಲ ಬಿಟಿಯಾ, ಗಲ್ಲಿಯಲ್ಲಿ ಹೋಗಿದ್ದು. ಗಲ್ಲಿಗೆ ಬಂದು ಹೇಳು."

"ಅಮೂಲ್ಯಾ," ಎಂದರು ಅಪ್ಪ.

ನಾನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಮೆಟ್ಟಿಲಿಳಿದೆ. ಅವಳು ಹಿಂದಿರುಗಿ ನೋಡದೆ ಚಹಾದಂಗಡಿಯ ಮುಂದೆ ಹೋಗಿ ನಿಂತಳು. ಬೆಂಚಿನ ತುಂಬ ಗಂಡಸರು. ದೋಣಿಯವರು, ಹೂವಿನವರು, ಗಂಟು ಹೊರುವವರು. ಎಲ್ಲರೂ ನನ್ನ ಕಡೆ ತಿರುಗಿದರು.

"ಈ ಹುಡುಗಿ ಏನೋ ಹೇಳಬೇಕಂತೆ," ಎಂದಳು ಫೂಲಮತಿ.

ಹೇಳಿದೆ. ಹಾಲು ಉಕ್ಕುವ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

"ಜೋರಾಗಿ."

"ಬುಝಾರತ್ ಕುಡಿದಿರಲಿಲ್ಲ. ಅವನ ಕೆಲಸ ಸರಿಯಿತ್ತು. ನಮ್ಮ ಮಡಿಗಾಗಿ ಅವನನ್ನು ಒಳಗೆ ಬಿಡಲಿಲ್ಲ. ನಾನು ಅವನಿಗೆ ಸುಳ್ಳು ಹೇಳಿದೆ. ಅಪ್ಪ ನಿಮಗೆ ಸುಳ್ಳು ಹೇಳಿದರು."

ಚಹಾದವನು ಒಲೆ ಸಣ್ಣ ಮಾಡಿದ. ಹೂವಿನವನೊಬ್ಬ ಗಂಟಲು ಸರಿಮಾಡಿಕೊಂಡ. ದೋಣಿಯ ಮುದುಕನೊಬ್ಬ ಚಹಾದ ಮಣ್ಣಿನ ಕುಲ್ಹಡ್ ನೆಲಕ್ಕಿಟ್ಟು, "ಪಂಡಿತ್‌ಜೀಯ ಯಾತ್ರಿಕರನ್ನು ಇನ್ನು ಪಂಡಿತ್‌ಜೀಯೇ ಹೊತ್ತುಕೊಳ್ಳಲಿ," ಎಂದ. ಯಾರೂ ನಗಲಿಲ್ಲ.

ಮೇಲಿನ ಕಿಟಕಿಯಿಂದ ಅಪ್ಪ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

"ಆಯಿತಾ?" ಎಂದೆ.

ಫೂಲಮತಿ ಆಗಲೇ ಮುಂದೆ ನಡೆಯುತ್ತಿದ್ದಳು.

"ಪಾನ್ ಅಂಗಡಿಯವನಿಗೆ ಕೇಳಿಸಿಲ್ಲ," ಎಂದಳು. "ನಡಿ."