ಎರಡನೇ ಮೊಟ್ಟೆ

ಸಮುದ್ರದಂಚಿನ ಕಡಿದಾದ ಬಂಡೆಯ ಅರ್ಧದಲ್ಲಿ ಹಗ್ಗಕ್ಕೆ ಜೋತುಬಿದ್ದು ಹಕ್ಕಿಮೊಟ್ಟೆ ಎಣಿಸುತ್ತಿದ್ದ ಇಲ್ಲುಗಿಗೆ ಮೊದಲ ಅನುಮಾನ ಬಂದದ್ದು ಬಂಡೆಯ ಮೇಲೆ. ಆಮೇಲೆ, ತಪ್ಪು ಜಾಗಕ್ಕೆ ಇಳಿದೆನೇನೋ ಎಂದು ತನ್ನ ಮೇಲೆ. ಮೂರನೆಯದು ಮೇಲೆ ಟ್ರ್ಯಾಕ್ಟರಿನಲ್ಲಿ ಕೂತು ಹಗ್ಗ ಬಿಡುತ್ತಿದ್ದ ಭಾವ ಓರ್ಮುರನ ಮೇಲೆ. ಅಲ್ಲಿಗೆ ಬಂದು ಮುಟ್ಟಿದ ಅನುಮಾನ ಮತ್ತೆ ಬೇರೆಲ್ಲೂ ಹೋಗಲಿಲ್ಲ.

"ಎಷ್ಟಿದಾವೋ?" ರೇಡಿಯೊದಲ್ಲಿ ಓರ್ಮುರ್ ಕೇಳಿದ.

"ಹನ್ನೊಂದು."

"ನೂರಾ ಹನ್ನೊಂದಾ?"

"ಬರೀ ಹನ್ನೊಂದು. ನೂರು ಎಲ್ಲಿಂದ ತರ್ಲಿ, ನಾನೇ ಇಡ್ಲಾ?"

"ಹೂಂ. ಅಂದ್ಕೊಂಡಿದ್ದೆ" ಎಂದಿತು ರೇಡಿಯೊ. ಅಂದುಕೊಂಡಿದ್ದನಂತೆ! ಕದ್ದವನಿಗಲ್ಲದೆ ಇನ್ಯಾರಿಗೆ ಮೊದಲೇ ಗೊತ್ತಿರುತ್ತದೆ?

ಉತ್ತರದ ಆ ಚಳಿದ್ವೀಪದ ಕಟ್ಟಳೆ ಸರಳ. ಮೇ ಕೊನೆಯಲ್ಲಿ ಕಪ್ಪು ಬೆನ್ನಿನ ಲಾಂಗ್‌ವಿಯಾ ಹಕ್ಕಿಗಳು ಬಂಡೆಯ ಕಿರಿದಾದ ಕಲ್ಲುಚಾಚುಗಳ ಮೇಲೆ ಒಂದೊಂದೇ ಮೊಟ್ಟೆ ಇಡುತ್ತವೆ. ಅದನ್ನು ಮನುಷ್ಯರು ತೆಗೆಯುತ್ತಾರೆ. ಹದಿನೈದು ದಿನಕ್ಕೆ ಹಕ್ಕಿ ಅದೇ ಜಾಗದಲ್ಲಿ ಇನ್ನೊಂದು ಇಡುತ್ತದೆ. ಅದನ್ನು ಯಾರೂ ಮುಟ್ಟುವಂತಿಲ್ಲ. ಬಂಡೆಯ ಮೇಲೆ ಹಕ್ಕುಳ್ಳವನು ಜೂನಿನಲ್ಲಿ ಬರಿಗೈಯಲ್ಲಿ ಇಳಿದು ಎಣಿಸಿ ಬರುತ್ತಾನೆ, ಅಷ್ಟೆ. ಮೊದಲನೆಯದು ನಮ್ಮದು, ಎರಡನೆಯದು ಅವಳದು, ಹಕ್ಕಿಯದು. ಅವಳದಕ್ಕೆ ಕೈ ಹಾಕಿದವನ ಹಗ್ಗ ಯಾರೂ ಹಿಡಿಯುವುದಿಲ್ಲ, ಅವನು ಹಿಡಿದ ಹಗ್ಗಕ್ಕೆ ಯಾರೂ ಜೋತುಬೀಳುವುದಿಲ್ಲ. ಇಲ್ಲುಗಿ ಇಪ್ಪತ್ತೆರಡು ವರ್ಷಗಳಿಂದ ಜೋತುಬೀಳುತ್ತಿದ್ದದ್ದು ಓರ್ಮುರ್ ಹಿಡಿದ ಹಗ್ಗಕ್ಕೇ. ಕೆಳಗೆ ಅರವತ್ತು ಮೀಟರು ಗಾಳಿ, ಅದರ ಕೆಳಗೆ ಸಮುದ್ರ.

ಮೇಲೆ ಬಂದವನೇ ಬಂಡೆಯ ಅಂಚಿನ ಹುಲ್ಲನ್ನು ಬಗ್ಗಿ ಬಗ್ಗಿ ನೋಡಿದ. ಹಗ್ಗದ ಗಾಲಿ ನಿಲ್ಲಿಸಲು ಗೂಟ ಬಡಿಯಬೇಕು. ಬೇರೆಯವರು ಇಳಿದಿದ್ದರೆ ಬೇರೆ ತೂತು ಇರಬೇಕು. ಇದ್ದದ್ದು ತಮ್ಮವೇ ಎರಡು ತೂತು. ಇನ್ನೊಬ್ಬನಾಗಿದ್ದರೆ ಅನುಮಾನ ಅಲ್ಲಿಗೆ ಬಿಡುತ್ತಿದ್ದ. ಇಲ್ಲುಗಿಗೆ ಅದೇ ಸಾಕ್ಷಿಯಾಯಿತು. ಹಳೇ ತೂತಿನಲ್ಲೇ ಗೂಟ ಬಡಿಯುವವನು ಯಾರು? ತೂತು ಎಲ್ಲಿದೆಯೆಂದು ಬಲ್ಲವನು.

"ಏನು ಕಳ್ಕೊಂಡೆಯೋ?" ಓರ್ಮುರ್ ಕೇಳಿದ.

"ಏನಿಲ್ಲ ಭಾವ. ಗುಂಡಿ."

ಓರ್ಮುರ್ ಅವನ ಕೋಟಿನ ಗುಂಡಿಗಳನ್ನು ಮೇಲಿಂದ ಕೆಳಗೆ ನೋಡಿದ. ಆರಕ್ಕೆ ಆರೂ ಇದ್ದವು. ಅವನು ಹಗ್ಗ ಸುತ್ತತೊಡಗಿದ.

ಮನೆಗೆ ನಡೆಯುತ್ತಾ ಇಲ್ಲುಗಿ ಹಳೆಯದನ್ನೆಲ್ಲ ಕೆದಕಿದ. ಮೇ ತಿಂಗಳಲ್ಲಿ ಓರ್ಮುರ್ ಬಂದರಿನ ಕಟ್ಟೆಯ ಮೇಲೆ ಕಾಡ್ ಮೀನು ಸೀಳುತ್ತಾ ಒಂದು ಮಾತು ಹೇಳಿದ್ದ. "ಈ ವರ್ಷ ಮೊದಲನೇ ಸುತ್ತು ಬಿಟ್ಬಿಡೋಣ ಕಣಯ್ಯ. ಇದರ ಹೊಟ್ಟೆ ನೋಡು. ಒಂದಾದ್ರೂ ಮರಳುಮೀನು ಇದ್ಯಾ? ಬರೀ ಲೋಳೆ. ಕಾಡ್‌ಗೇ ಸಿಗದ್ದು ಹಕ್ಕಿಗೆ ಎಲ್ಲಿ ಸಿಗತ್ತೆ?"

ಮರಳುಮೀನೆಂದರೆ ಬೆರಳುದ್ದದ ಬೆಳ್ಳಿಮೀನು. ಬಂಡೆಯ ಹಕ್ಕಿಗಳ ಅನ್ನ. ಅದಿಲ್ಲವೆಂದು ಓರ್ಮುರ್ ಪ್ರತಿ ವರ್ಷ ಏನಾದರೊಂದು ಹೇಳುತ್ತಲೇ ಇರುತ್ತಾನೆ, ಮೀನುಗಾರರಿಗೆ ಸಮುದ್ರ ಎಂದು ಚೆನ್ನಾಗಿತ್ತು? ಇಲ್ಲುಗಿ ನಕ್ಕು ಮೊದಲ ಸುತ್ತು ಇಳಿದಿದ್ದ, ಇನ್ನೂರ ಹತ್ತು ಮೊಟ್ಟೆ ತಂದಿದ್ದ. ಈಗ ಆ ಮಾತಿಗೆ ಬೇರೆಯೇ ಅರ್ಥ ಹೊಳೆಯಿತು. ನಾನು ಇಳಿಯದಿದ್ದರೆ ಭಾವ ಗುಟ್ಟಾಗಿ ತಾನೇ ಇಳಿಯಬಹುದಿತ್ತು. ನಾನು ಇಳಿದೆನೆಂದು ಎರಡನೆಯದಕ್ಕೆ ಕೈ ಹಾಕಿದ. ಆದರೆ ಒಬ್ಬನೇ ಇಳಿಯಲಾಗದಲ್ಲ, ಟ್ರ್ಯಾಕ್ಟರ್ ನಡೆಸಿದವರು ಯಾರು? ಟ್ರ್ಯಾಕ್ಟರ್ ಬಲ್ಲ ಇನ್ನೊಬ್ಬಳು ಆ ಮನೆಯಲ್ಲಿದ್ದಳು. ಅವಳು ಇಲ್ಲುಗಿಯ ಸ್ವಂತ ಅಕ್ಕ ಥೋರಾ.

ಭಾನುವಾರದ ಕಾಫಿಗೆ ಅಕ್ಕನ ಮನೆಗೆ ಹೋಗುವುದು ಅವನ ರೂಢಿ. ಈ ಭಾನುವಾರ ಅವನು ಹೋದದ್ದು ಕಾಫಿಗಲ್ಲ. ಅಡುಗೆಮನೆಯಲ್ಲಿ ಕೂತು, ಸುತ್ತಿಟ್ಟ ದೋಸೆಯಂಥ ಪಾನ್‌ಕೇಕ್ ಬಾಯಿಗಿಡುವ ಮೊದಲೇ ಅವನ ಕಣ್ಣು ಕಿಟಕಿಯ ಹಲಗೆಗೆ ಹೋಯಿತು. ಅಲ್ಲಿ ಸಣ್ಣ ಬಟ್ಟಲಿನಲ್ಲಿ ಒಂದು ಮೊಟ್ಟೆ ಇತ್ತು. ನೀಲಿಹಸಿರು ಮೈ, ಅದರ ಮೇಲೆ ಯಾರೋ ಸಿಟ್ಟಿನಲ್ಲಿ ಸಹಿ ಹಾಕಿದಂಥ ಕಪ್ಪು ಗೀರು.

ಆ ಮೊಟ್ಟೆ ಅವನಿಗೆ ಗೊತ್ತು. ಒಂದೊಂದು ಹಕ್ಕಿಯ ಮೊಟ್ಟೆಗೂ ಅದರದೇ ಬಣ್ಣ, ಅದರದೇ ಗೀರು. ವರ್ಷ ಬದಲಾದರೂ, ಮೊದಲನೆಯದಾದರೂ ಎರಡನೆಯದಾದರೂ ಅದು ಬದಲಾಗುವುದಿಲ್ಲ. ಮೂರನೇ ಚಾಚಿನ ಮೂಲೆಯಲ್ಲಿ ಕೂರುವ ಈ ಹಕ್ಕಿಗೆ ಅವನು ಸಹಿಯಮ್ಮ ಎಂದು ಹೆಸರಿಟ್ಟು ಒಂಬತ್ತು ವರ್ಷವಾಗಿತ್ತು. ಮೊದಲ ಮೊಟ್ಟೆಯನ್ನು ಮೇ ತಿಂಗಳಲ್ಲಿ ತಾನೇ ತಂದು ಭಾವನ ಪಾಲಿಗೆ ಹಾಕಿದ್ದ, ನಿಜ. ಆದರೆ ಆ ಮನೆಯಲ್ಲಿ ಮೇ ತಿಂಗಳ ಮೊಟ್ಟೆ ಒಡೆಯದೆ ಜೂನಿನವರೆಗೆ ಉಳಿದ ಚರಿತ್ರೆಯಿಲ್ಲ; ಓರ್ಮುರ್ ಒಂದೇ ಕೂತಲ್ಲಿ ಆರು ತಿನ್ನುವವನು. ಹಾಗಾದರೆ ಇದು ಎರಡನೆಯದು.

"ಭಾವ, ಬಂಡೆ ಪಾಲು ಮಾಡ್ಕೊಂಬಿಡೋಣ" ಎಂದ ಇಲ್ಲುಗಿ, ಪಾನ್‌ಕೇಕನ್ನು ತಟ್ಟೆಗೆ ವಾಪಸು ಇಡುತ್ತಾ. "ನಿನ್ನ ಕಡೆ ನಿಂಗೆ, ನನ್ನ ಕಡೆ ನಂಗೆ. ಹಗ್ಗಾನೂ ಬೇರೆ."

ಓರ್ಮುರ್ ಕಾಫಿ ಲೋಟ ಕೆಳಗಿಡಲಿಲ್ಲ. "ನಿನ್ನ ಹಗ್ಗ ಯಾರು ಹಿಡೀತಾರೆ?"

"ಯಾರಾದ್ರೂ ಹಿಡೀತಾರೆ. ಎರಡನೇದಕ್ಕೆ ಕೈ ಹಾಕದೋರು."

ಥೋರಾ ಒಲೆಯಿಂದ ತಿರುಗಿದಳು. ತಮ್ಮನ ಕಣ್ಣು ಎಲ್ಲಿದೆಯೆಂದು ನೋಡಿದಳು. ಕೈ ಒರೆಸಿಕೊಂಡು ಕಿಟಕಿಗೆ ಹೋಗಿ ಬಟ್ಟಲು ತಂದು ಅವನ ಮುಂದೆ ಕುಕ್ಕಿದಳು.

"ಎತ್ತೋ."

ಎತ್ತಿದ. ಕೈಗೆ ಭಾರವೇ ಹತ್ತಲಿಲ್ಲ. ಎರಡು ತುದಿಗೂ ಸೂಜಿತೂತು. ಒಳಗಿನದನ್ನು ಊದಿ ತೆಗೆದ ಬರೀ ಚಿಪ್ಪು. ದಪ್ಪ ತುದಿಯಲ್ಲಿ ಪೆನ್ಸಿಲ್ಲಿನಲ್ಲಿ ಅಕ್ಕನ ಗುಂಡು ಅಕ್ಷರ: ಮೇ ಇಪ್ಪತ್ತೇಳು. ಅದು ಮೊದಲ ಸುತ್ತಿನ ದಿನ.

"ನೀನೇ ತಂದ್ಕೊಟ್ಟಿದ್ದು" ಎಂದಳು ಥೋರಾ. "ಆವತ್ತು ಬುಟ್ಟಿ ನೋಡಿ ಇವರೇ ಹೇಳಿದ್ರು, ಇದನ್ನ ಒಡೀಬೇಡ, ಊದಿ ಇಟ್ಕೋ, ಈ ವರ್ಷ ಇವಳು ಇನ್ನೊಂದು ಇಡಲ್ಲ ಅಂತ. ಮಿಕ್ಕಿದ್ದನ್ನೆಲ್ಲ ಒಡ್ದು ಫ್ರೀಜರಿಗೆ ಹಾಕೋವಾಗ ನಂಗೂ ಗೊತ್ತಾಯ್ತು. ಬೇರೆ ವರ್ಷ ಒಳಗಿನ ಹಳದಿ ಭಾಗ ಕೆಂಪಗಿರತ್ತೆ, ಪಾನ್‌ಕೇಕ್ ಬಣ್ಣ ಬರತ್ತೆ. ಈ ಸಲ ನೋಡು ತಟ್ಟೇಲಿ. ಕಾಯಿಲೆಯವಳ ಮುಖದ ಹಾಗಿದೆ."

ಇಲ್ಲುಗಿ ತಟ್ಟೆ ನೋಡಿದ. ನಿಜಕ್ಕೂ ಬಿಳಿಚಿಕೊಂಡಿತ್ತು. ಮೂರು ವಾರದಿಂದ ತನ್ನ ಮನೆಯಲ್ಲೂ ಅಂಥದ್ದನ್ನೇ ತಿಂದಿದ್ದ. ಅದರ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ.

"ಮತ್ತೆ ಎರಡನೇದು?" ಎಂದ, ಧ್ವನಿ ಇಳಿಸಿ.

"ಇಟ್ರೆ ತಾನೇ ಕದಿಯೋದು" ಎಂದ ಓರ್ಮುರ್. "ಅವಳ ಮೈಯ ಎಂಟನೇ ಒಂದು ಪಾಲು ತೂಕ ಕಣಯ್ಯ ಒಂದು ಮೊಟ್ಟೆ. ಮೊದಲನೇದಕ್ಕೇ ಚಳಿಗಾಲದ ಕೊಬ್ಬೆಲ್ಲ ಸುರಿದ್ಲು. ಹದಿನೈದು ದಿನದಲ್ಲಿ ಮತ್ತೆ ಮಾಡು ಅಂದ್ರೆ ಏನ್ ತಿಂದು ಮಾಡ್ತಾಳೆ, ಲೋಳೆ ತಿಂದಾ? ಅವಳ ಹತ್ರ ಇದ್ದದ್ದು ಒಂದೇ. ಅದನ್ನ ನಾವು ತಿಂದ್ವಿ. ನಾನೂ ತಿಂದೆ, ಆರಾರು."

ಇಲ್ಲುಗಿ ಚಿಪ್ಪನ್ನು ಬಟ್ಟಲಿಗೆ ವಾಪಸು ಇಟ್ಟ. ಎದ್ದು ನಿಂತ.

"ಒಂದ್ಸಲ ಇಳೀಬೇಕು ಭಾವ. ನೋಡಿ ಬರ್ತೀನಿ."

"ಯಾರು ಹಿಡೀಬೇಕು ಹಗ್ಗ?"

ಇಲ್ಲುಗಿ ಬಾಗಿಲ ಬಳಿಯಿದ್ದ ಭಾವನ ಟೊಪ್ಪಿಗೆ ತಂದು ಅವನ ಮುಂದೆ ಹಿಡಿದ. ಓರ್ಮುರ್ ಅದನ್ನು ಹಾಕಿಕೊಂಡ.

ಮೂರನೇ ಚಾಚಿನ ಮೂಲೆಯಲ್ಲಿ ಸಹಿಯಮ್ಮ ನಿಂತಿದ್ದಳು. ಮೊಟ್ಟೆ ಇದ್ದಾಗ ನಿಲ್ಲುವಂತೆಯೇ, ಗೋಡೆಗೆ ಮುಖ ಮಾಡಿ, ಪಾದ ಜೋಡಿಸಿ, ಬರೀ ಕಲ್ಲಿನ ಮೇಲೆ ಹೊಟ್ಟೆ ಇಳಿಬಿಟ್ಟು. ಇಲ್ಲುಗಿ ಕೈಯಳತೆಗೆ ಬಂದರೂ ಹಾರಲಿಲ್ಲ. ಎದೆಯ ಮೂಳೆ ದೋಣಿಯ ಅಡಿಮರದಂತೆ ಎದ್ದು ಕಾಣುತ್ತಿತ್ತು. ಒಂಬತ್ತು ವರ್ಷ ಅವನು ನೋಡಿದ್ದು ಮೊಟ್ಟೆಯನ್ನು. ಹಕ್ಕಿಯನ್ನು ನೋಡಿದ್ದು ಇದೇ ಮೊದಲು. ಅವಳು ಒಂದು ಕಣ್ಣು ತಿರುಗಿಸಿ ಅವನನ್ನು ನೋಡಿದಳು. ಆ ನೋಟದಲ್ಲಿ ಅನುಮಾನವೇನೂ ಇರಲಿಲ್ಲ. ಅವಳಿಗೆ ಕಳ್ಳ ಯಾರೆಂದು ಖಾತ್ರಿಯಿತ್ತು.

"ಬರೋ ವರ್ಷ" ಎಂದ ಇಲ್ಲುಗಿ ರೇಡಿಯೊದಲ್ಲಿ, "ಮೊದಲು ನಿನ್ನ ಕಾಡ್ ಹೊಟ್ಟೆ ನೋಡೋಣ. ಆಮೇಲೆ ಹಗ್ಗ ತೆಗೆಯೋಣ."

ರೇಡಿಯೊ ಸುಮ್ಮನಿತ್ತು.

"ಭಾವ, ಎಳಿ."

ಹಗ್ಗ ಅಲುಗಲಿಲ್ಲ. ಗಾಳಿ ಅವನನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿತು. ಕೆಳಗೆ ಸಮುದ್ರ ಬಂತು, ಹೋಯಿತು, ಮತ್ತೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಎಳಿ ಎಂದ ಮೇಲೆ ಇಷ್ಟು ತಡವಾದದ್ದಿಲ್ಲ. ಇಲ್ಲುಗಿ ಎರಡೂ ಕೈಯಲ್ಲಿ ಹಗ್ಗ ಹಿಡಿದುಕೊಂಡ. ಹಿಡಿದುಕೊಂಡು ಏನೂ ಪ್ರಯೋಜನವಿಲ್ಲವೆಂದು ಅವನಿಗೂ ಗೊತ್ತಿತ್ತು.

"ಭಾವ?"

"ಇದೀನಿ ಕಣಯ್ಯ" ಎಂದಿತು ರೇಡಿಯೊ. "ಅಂಚಲ್ಲಿ ಹುಲ್ಲು ನೋಡ್ತಿದ್ದೆ. ಆವತ್ತು ನೀನು ಕಳ್ಕೊಂಡ ಗುಂಡಿ ಸಿಗತ್ತೇನೋ ಅಂತ."

ಹಗ್ಗ ಮೇಲಕ್ಕೆ ಸರಿಯಿತು.