ಗೊಲ್ಲಾಳಪ್ಪನಿಗೆ ಉಳಿದ ಮಾತು

“ಬಾಯಿ ಕಟ್ಟಬೇ ನಿನ್ನ ಗಂಡಂದು! ಬಿಜಾಪುರದ ಸಾಹೇಬ್ರ ಮುಂದ ಆ ಹೊಲಸ ಮಾತ ಬಂತಂದ್ರ, ಈರಯ್ಯನ ಕಾಲ ಈ ಓಣ್ಯಾಗ ಮತ್ತ ಬೀಳಾಂಗಿಲ್ಲ ನೋಡ.”

ಸಾರವಾಡದ ಯಲಗೂರಪ್ಪ ಗೌಡ ಗುಡಿಸಲ ಹೊರಗೇ ನಿಂತು, ಮೂಗಿಗೆ ಶಲ್ಯ ಒತ್ತಿಕೊಂಡು ಹೇಳಿದ. ಬೋರವ್ವ ತಲೆ ತಗ್ಗಿಸಿದಳು.

ಗೌಡನ ಹೊಲದಲ್ಲಿ ಇಪ್ಪತ್ತು ವರ್ಷ ಕೂರಿಗೆ ಹೊಡೆದ ಗೊಲ್ಲಾಳಪ್ಪನಿಗೆ ಎಮರ್ಜೆನ್ಸಿ ಬಂದ ವರ್ಷವೇ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಇದ್ದ ಮಾತೆಲ್ಲ ಹೋಗಿ ಒಂದೇ ಉಳಿದಿತ್ತು: “ಸೂಳೀಮಗನ.” ನೀರು ಬೇಕಾದರೂ ಅದೇ, ಹೆಂಡತಿಯ ಮೇಲೆ ಅಕ್ಕರೆ ಬಂದರೂ ಅದೇ. ಗೌಡನೆದುರು ಕೆಮ್ಮಲೂ ಹೆದರುತ್ತಿದ್ದವನ ಬಾಯಲ್ಲಿ ದೇವರು ಇಂಥದ್ದನ್ನೇ ಉಳಿಸಬೇಕೆ!

ಗೌಡ ಅಧ್ಯಕ್ಷನಾಗಿದ್ದ ಸೇವಾ ಸಂಘದ ಕಂಪೌಂಡರ ಈರಯ್ಯ ಮಂಗಳವಾರಕ್ಕೊಮ್ಮೆ ಬಂದು, ಎಣ್ಣೆ ತಿಕ್ಕಿ, ಹಿಡಿದು ಹತ್ತು ಹೆಜ್ಜೆ ನಡೆಸುತ್ತಿದ್ದ. ಇನ್ನೆರಡು ತಿಂಗಳಲ್ಲಿ ತಂಬಿಗೆ ಹಿಡಿದು ತಾನೇ ಬಯಲಿಗೆ ಹೋಗುತ್ತಾನೆ ಅಂದಿದ್ದ. ಗಂಡನ ಹೇಲು ಬಳಿಯುವುದು ಹೇಗೋ ಆಗುತ್ತಿತ್ತು; ಆಗ ಅವನು ಗೋಡೆಗೆ ಮುಖ ತಿರುಗಿಸುವುದನ್ನು ಮಾತ್ರ ಬೋರವ್ವನಿಗೆ ನೋಡಲಾಗುತ್ತಿರಲಿಲ್ಲ.

ಅದಕ್ಕೇ ಕಟ್ಟಿದಳು. ಹಳೇ ಸೀರೆಯ ಅಂಚು ಹರಿದು, ರಾಶಿ ತುಳಿಯುವ ಎತ್ತು ಕಾಳು ಮುಕ್ಕದಂತೆ ಬಾಯಿ ಕಟ್ಟಿದ ಹಾಗೆ. ಅವನೇ ತಲೆ ಬಗ್ಗಿಸಿ ಕೊಟ್ಟ.

“ಬಾಯಿಗೇನಾಗೇದ?” ಎಂದರು ಸಂಘದ ಕೆಲಸ ನೋಡಲು ಬಂದ ಸಾಹೇಬರು.

“ಜೊಲ್ಲ ಸುರೀತಾವ್ರಿ” ಎಂದ ಗೌಡ. “ಮನಿಮಗನ ಹಂಗ ನೋಡ್ಕೊಂಡೇನ್ರಿ ನಾ. ಏ, ಕೈ ಮುಗಿ ಲೇ!”

ಎಡಗೈ ಎದ್ದಿತು. ಗೌಡ ಅವನ ಸತ್ತ ಬಲಗೈ ಎತ್ತಿ ಅದಕ್ಕೆ ಜೋಡಿಸಿದ, ಬಿಟ್ಟಕೂಡಲೇ ಜಾರಿತು. ಮತ್ತೆ ಜೋಡಿಸಿದ, ಮತ್ತೆ ಜಾರಿತು. ಸಾಹೇಬರು ನಕ್ಕರು. ಗೊಲ್ಲಾಳಪ್ಪ ಹೆಂಡತಿಯತ್ತ ನೋಡಿದ. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೆ ಅನ್ನಿಸಿತು ಅವಳಿಗೆ. ಬಂದು ಗಂಟು ಬಿಚ್ಚಿದಳು.

“ಸೂಳೀಮಗನ!” ಎಂದ ಗೊಲ್ಲಾಳಪ್ಪ, ಗೌಡನ ಮುಖಕ್ಕೇ.

ಮುಂದಿನ ಮಂಗಳವಾರ ಈರಯ್ಯ ಬರಲಿಲ್ಲ. ಬೋರವ್ವ ಪಕ್ಕದ ಮನೆಯ ಮಾಬುಬಿಯನ್ನು ಕರೆದಳು.

“ನೀ ಎಡಕ್ಕ ಹಿಡಿ ಯಕ್ಕಾ. ಕಾಲ ಹೆಂಗ ಎತ್ತಿಸಬೇಕಂತ ನಾ ನೋಡೇನಿ.”

ಬಗಲಿಗೆ ಕೈ ಕೊಟ್ಟು ಇಬ್ಬರೂ ಅವನನ್ನು ಓಣಿಯ ನಡುವೆ ನಿಲ್ಲಿಸಿದರು. ಮೂರನೇ ಹೆಜ್ಜೆಗೆ ಗೌಡನ ಬಂಡಿ ಎದುರು ಬಂತು.

“ದಾರಿ ಬಿಡಬೇ ರಂಡಿ!”

ಬಾಯಿ ಕಟ್ಟಿದ ನಾಚಿಕೆ ಅವಳನ್ನು ಇನ್ನೂ ಬಿಟ್ಟಿರಲಿಲ್ಲ. ಗಂಡನ ಮುಖ ನೋಡಲಾಗದೆ ಅವನ ಪಾದವನ್ನೇ ನೋಡುತ್ತಿದ್ದಳು.

“ಇನ್ನ ಏಳ ಹೆಜ್ಜಿ ಅದಾವ್ರಿ. ನಿಂದರ್ರಿ.”

ಎತ್ತುಗಳು ನಿಂತವು. ಗೊಲ್ಲಾಳಪ್ಪ ಬಲಗಾಲು ಎತ್ತಿಟ್ಟ. “ಸೂಳೀಮಗನ” ಎಂದ.

“ನಾಕ” ಎಂದು ಎಣಿಸಿದಳು ಮಾಬುಬಿ.